ಎರ್ರಮ್ಮನ ಪಟದ ಕಣ್ಣು

ಎದುರಿಗೆ ಕೂತವಳ ಮುಖ ನೋಡಬಾರದೆಂದು ಅಕ್ಕನಾಗಮ್ಮ ಬಸ್ಸು ಬಳ್ಳಾರಿ ಬಿಟ್ಟಾಗಿನಿಂದ ಕಾಲುಗಳನ್ನೇ ನೋಡುತ್ತ ಕೂತಿದ್ದಳು. ಕಾಲಿಗೆ ಕಣ್ಣಿಲ್ಲ, ಅಷ್ಟು ಪುಣ್ಯ. ಸವೆದು ತಂತಿಯಂತಾದ ಕಾಲುಂಗುರ, ಒಡೆದ ಹಿಮ್ಮಡಿ, ಎರೆಮಣ್ಣು ಒಣಗಿ ಬಿರಿದ ಬೆರಳಸಂದಿ, ಯಾರದೋ ಟೈರಿನ ಚಪ್ಪಲಿ. ನೋಡಿದರೆ ನೋಡಿದ್ದಷ್ಟೇ, ಅವುಗಳಿಂದ ಏನನ್ನೂ ತೆಗೆದುಕೊಳ್ಳುವಂತಿಲ್ಲ. ಮುಖವಾದರೆ ಹಾಗಲ್ಲ. ಯಾರೇ ಎದುರಾಗಲಿ, ಶರಣು ಅನ್ನುವುದರೊಳಗೆ ಅವಳ ದೃಷ್ಟಿ ಹೋಗಿ ಅವರ ರೆಪ್ಪೆಯ ಅಂಚಿನಲ್ಲಿ ಕೂತುಬಿಡುತ್ತಿತ್ತು: ಗುಡ್ಡೆ ಎಷ್ಟು ಕರಿದು, ಬಿಳಿಯಲ್ಲಿ ಹಳದಿ ಎಷ್ಟು, ಯಾವ ಸತ್ತವರ ಮುಖಕ್ಕೆ ಇದು ಹೊಂದೀತು. ಮನೆಗೆ ಬಂದ ನೆಂಟರ ಕಣ್ಣನ್ನೂ ಚಹಾ ಕೊಡುತ್ತ ಕೊಡುತ್ತ ಹೀಗೆ ಅಳೆದು ಇಟ್ಟುಕೊಂಡದ್ದುಂಟು. ಅದನ್ನು ಆಕೆ ಕಸುಬಿನ ಜಾಣತನ ಎಂದುಕೊಂಡಿದ್ದಳು. ಈಗ ಅದು ಜಾತ್ರೆಯಲ್ಲಿ ಕಿಸೆ ಕತ್ತರಿಸುವವನ ಬೆರಳಿನ ಜಾಣತನದ ಹಾಗೆ ಕಾಣುತ್ತಿತ್ತು.

ಗಾಂಧಿನಗರದಲ್ಲಿ ಅವಳ ಗಂಡ ಕೊಟ್ಟೂರಪ್ಪನದು ಫೋಟೊ ಸ್ಟುಡಿಯೊ. ಆತ ಫೋಟೊ ತೆಗೆಯುತ್ತಾನೆ, ಈಕೆ ಬಣ್ಣ ಹಾಕುತ್ತಾಳೆ. ಮದುವೆಯವು, ಕೂಸಿನವು ಎಲ್ಲ ಬರುತ್ತವೆ. ಆದರೆ ಸಿರುಗುಪ್ಪ, ತೆಕ್ಕಲಕೋಟೆ, ಕುರುಗೋಡಿನ ಕಡೆಯಿಂದ ಜನ ಬಸ್ಸು ಹತ್ತಿ ಹುಡುಕಿಕೊಂಡು ಬರುತ್ತಿದ್ದದ್ದು ಬೇರೆ ಕೆಲಸಕ್ಕೆ. ಬದುಕಿದ್ದಾಗ ಫೋಟೊ ತೆಗೆಸಿಕೊಳ್ಳುವ ಪುರುಸೊತ್ತು ಯಾರಿಗೆ, ಅದರಲ್ಲೂ ಹೆಂಗಸರಿಗೆ. ಸತ್ತ ಮೇಲೆ, ನಮ್ಮ ಕಡೆ ಮಾಡುವಂತೆ ಹೆಣವನ್ನು ಕೂಡಿಸಿ, ಗೋಡೆಗೆ ಆನಿಸಿ, ಹಣೆ ತುಂಬ ವಿಭೂತಿ ಹಚ್ಚಿ, ತಲೆ ವಾಲದಂತೆ ಗದ್ದದ ಕೆಳಗಿಂದ ಬಟ್ಟೆ ಹಾಯಿಸಿ ಗೂಟಕ್ಕೆ ಬಿಗಿದು, ಕೊರಳಿಗೆ ಹೂವು ಹಾಕಿ, ಆಗ ಫೋಟೊದವನಿಗೆ ಹೇಳಿಕಳಿಸುತ್ತಾರೆ. ಇಡೀ ಬಾಳಿನಲ್ಲಿ ಅದೊಂದೇ ಫೋಟೊ. ಅದನ್ನು ದೊಡ್ಡದು ಮಾಡಿ, ಬಟ್ಟೆಯ ಗಂಟು ಅಳಿಸಿ, ಕೆನ್ನೆಗೆ ನೆತ್ತರು ತುಂಬಿ, ಮುಚ್ಚಿದ ಕಣ್ಣು ತೆರೆಸಿ ಕೊಡಬೇಕು. ಗೋಡೆಗೆ ಹಾಕಿ ಪೂಜೆ ಮಾಡುವಂತಿರಬೇಕು. ಕಂಡಿರದ ಮುಖಕ್ಕೆ ಕಣ್ಣು ಎಲ್ಲಿಂದ ತರುವುದು? ಅದಕ್ಕೆ ಅಕ್ಕನಾಗಮ್ಮ ಒಂದು ಪದ್ಧತಿ ಮಾಡಿಕೊಂಡಿದ್ದಳು. "ಕಣ್ಣಿನವರನ್ನ ಕರಕೊಂಡ್ ಬರ್ರಿ" ಅನ್ನುವಳು. ಸತ್ತವರ ಕಣ್ಣನ್ನೇ ಹೋಲುವ ತಂಗಿಯೋ ಮಗಳೋ ಅಣ್ಣನೋ ಬಂದು ಅವಳ ಬಣ್ಣದ ಕೋಣೆಯಲ್ಲಿ ಕಿಟಕಿಯ ಕಡೆ ಮುಖ ಮಾಡಿ ಕೂರಬೇಕು. ಆಕೆ ನೋಡುವಳು, ಬರೆಯುವಳು. ಕೂತವರು ಹೊಲದ ಮಾತು, ಮನೆಯ ಮಾತು ಆಡುವರು. ಹೋಗುವಾಗ, ಏನನ್ನು ಬಿಟ್ಟುಹೋದೆವೆಂದು ಅವರಿಗೂ ಗೊತ್ತಿರುತ್ತಿರಲಿಲ್ಲ.

"ಹೋಗಿ ಏನ್ ಮಾಡ್ತಿ?" ಅಂದಿದ್ದ ಕೊಟ್ಟೂರಪ್ಪ ಬೆಳಿಗ್ಗೆ, ಹಲ್ಲುಪುಡಿಯ ಬೆರಳನ್ನು ಬಾಯಿಂದ ತೆಗೆದು. "ಬೀಗಿತ್ತಿ ಅಲ್ಲ, ಬಳಗ ಅಲ್ಲ. ಕಣ್ಣ್ ತೆರಸಿದಿ, ಕೊಟ್ಟಿ. ಮುಗೀತಲ್ಲ."

"ಬಾಯೂ ತೆರದೆನಲ್ಲರೀ."

"ಅದಕ್ಕ ಈಗ ಕುರುಗೋಡಿಗೆ ಹೋಗಿ ಇನ್ನೊಮ್ಮಿ ತೆರೀತೀಯೇನು?"

ನಗಿಸಲೆಂದೇ ಅಂದದ್ದು. ಅವನು ಬಲು ಮೆತ್ತನೆಯ ಮನುಷ್ಯ, ಹೆಣದ ಮುಂದೆ ಕ್ಯಾಮೆರಾ ನಿಲ್ಲಿಸಿ "ಸ್ವಲ್ಪ ಹಿಂದ ಸರೀರಿ, ನೆಳ್ಳು ಬೀಳತೈತಿ" ಎನ್ನುವಾಗಲೂ ಅಳುವವರ ಭುಜ ಮುಟ್ಟಿ ಹೇಳುವವನು. ಆದರೂ ಆ ಮಾತು ಮುರಿದ ಜಾಲಿಮುಳ್ಳಿನಂತೆ ಒಳಗೇ ನಿಂತಿತು. ಬಸ್ಸು ಕೋಳೂರು ದಾಟಿತು. ಕಾಲುವೆಯ ನೀರಿನ ಮೇಲಿಂದ ಬೆಳಕು ಎದ್ದು ಬಸ್ಸಿನ ಚಾವಣಿಯಲ್ಲಿ ಅಲ್ಲಾಡಿತು. ಒಮ್ಮೆ ಅವಳ ಕಿಟಕಿಯ ಮುಂದೆ ಹಾಗೆ ಕಣ್ಣು ಕೊಡಲು ಕೂತಿದ್ದ ಸಾವಂತ್ರಮ್ಮ ಗಂಡನ ಮನೆ ಬಿಟ್ಟು ಕುರುಗೋಡಿನ ತವರಿಗೆ ಬಂದಿದ್ದಾಳೆ ಎಂಬ ಸುದ್ದಿ ತಂದವಳು ತೆಕ್ಕಲಕೋಟೆಯ ಹೆಂಗಸು, ಮಗಳನ್ನು ವರನ ಕಡೆಯವರಿಗೆ ತೋರಿಸುವ ಫೋಟೊಕ್ಕೆ ಬಂದವಳು. "ನಿಮ್ಮ ಭಾಷಣ ಆದಾಗಿಂದ ಬಾಯಿಗೆ ತುತ್ತಿಟ್ಟಿಲ್ಲಂತ. ಅತ್ತಿಮನಿಯವ್ರ ಕಳಿಸಿದ್ರೋ, ತಾನ ಹೋದ್ಲೋ, ಯಾರಿಗ್ಗೊತ್ತರಿ ಯವ್ವಾ" ಎಂದು ಹೇಳಿ, ಮಗಳ ಸೆರಗನ್ನು ಸರಿಮಾಡುತ್ತ, "ಇಕಿ ಮೂಗು ಸ್ವಲ್ಪ ಚೊಲೊ ಬರಂಗ ಮಾಡ್ರಿ" ಅಂದಿದ್ದಳು. ಭಾಷಣ. ಅಕ್ಕನಾಗಮ್ಮನ ಕಿವಿಯ ತುದಿಗಳು ಬಿಸಿಯಾದವು. ಆವತ್ತಿನಿಂದ ಕಿವಿ ಹೀಗೆ ಬಿಸಿಯಾಗುವುದು ಶುರುವಾಗಿತ್ತು, ಒಲೆಯ ಮುಂದೆ, ಬಾವಿಯ ಹತ್ತಿರ, ಲಿಂಗಪೂಜೆಗೆ ಕೂತಾಗ.

ಮಹಿಳಾ ಸಮಾಜದವರ ಪ್ರದರ್ಶನಕ್ಕೆ ಪಟ ಬೇಕೆಂದು ಕೇಳಿಕೊಂಡು ಬಂದವಳು ಚನ್ನವೀರಮ್ಮ, ವಕೀಲರ ಹೆಂಡತಿ, ಸಮಾಜದ ಕಾರ್ಯದರ್ಶಿ. "ಪಟ ಎಲ್ಲಾರೂ ನೋಡ್ತಾರ್ರಿ ನಾಗಮ್ಮ. ಅದು ಹೆಂಗಾತು ಅಂಬೋದನ್ನ ನೀವು ನಿಂತು ಹೇಳ್ಬೇಕು. ಜನಕ್ಕ ಅದ ಬೇಕು" ಅಂದಳು. ನಿಂತು ಹೇಳಬೇಕು! ಹೆಣದ ಫೋಟೊಕ್ಕೆ ಬಣ್ಣ ಹಚ್ಚುವವಳೆಂದು ಮುಯ್ಯಿ ಮದುವೆಗಳಲ್ಲಿ ಮುತ್ತೈದೆಯರು ತುಸು ಸರಿದು ಕೂರುತ್ತಿದ್ದ ಅಕ್ಕನಾಗಮ್ಮನಿಗೆ ಯಾರೂ ಹಾಗೆ ಹೇಳಿರಲಿಲ್ಲ. ತನ್ನ ಕೈಯಿಂದ ಆದದ್ದರಲ್ಲಿ ಎಲ್ಲಕ್ಕಿಂತ ಚೆನ್ನಾದದ್ದು ಯಾವುದೆಂದು ಕೇಳಿದಾಗ ಯೋಚಿಸುವುದೇ ಬೇಕಾಗಲಿಲ್ಲ: ದೇಶನೂರಿನ ಎರ್ರಮ್ಮನ ಪಟ. ತಾನೇ ಸಿರುಗುಪ್ಪದ ಬಸ್ಸು ಹತ್ತಿ ದೇಶನೂರಿಗೆ ಹೋಗಿ ಕೇಳಿದಳು. ಎರ್ರಮ್ಮನ ಗಂಡ ಮರಿಬಸಪ್ಪ ಭತ್ತದ ಗದ್ದೆಯಿಂದ ಕೆಸರುಗಾಲಲ್ಲೇ ಬಂದು ಹೂಂ ಅಂದ. ಪಟ ಇಳಿಸಿದವಳು ಸಾವಂತ್ರಮ್ಮ. ಎರ್ರಮ್ಮನ ತಂಗಿ, ಈಗ ಅದೇ ಮನೆಯ ಸೊಸೆ. ಅಕ್ಕ ಬಿಟ್ಟುಹೋದ ಕೂಸಿಗೆ ತಾಯಿ. ಗಾಜನ್ನು ಸೆರಗಿನಿಂದ ಒರೆಸಿ, ಕೌದಿಯಲ್ಲಿ ಸುತ್ತಿ, "ನಮ್ಮಕ್ಕ ಬಳ್ಳಾರಿ ನೋಡಿದ್ದಿಲ್ರಿ ಅಮ್ಮಾರ. ನೋಡಿ ಬರ್ಲಿ" ಅಂದಳು. "ಲಗೂನ ಕಳಸ್ರಿ ಮತ್ತ" ಅಂದ ಮರಿಬಸಪ್ಪ ನಗುತ್ತ, "ಇಕಿ ದಿನಾ ಹೊತ್ತು ಮುಣುಗಿದ ಮ್ಯಾಲೆ ಅಕ್ಕನ ಮುಂದ ಕುಂತು ಒಂದ್ ತಾಸು ಮಾತಾಡ್ತಾಳ. ನನ್ನ ಕೂಡ ಅದರ ಅರ್ಧಾನೂ ಇಲ್ಲ." ಎಲ್ಲರೂ ನಕ್ಕರು. ನೀವೂ ಬರಬೇಕು, ಮುಂದಿನ ಸಾಲಿನಲ್ಲಿ ಕೂಡಿಸುತ್ತೇನೆ ಎಂದು ಒತ್ತಾಯ ಮಾಡಿ ಕರೆದವಳು ಅಕ್ಕನಾಗಮ್ಮನೇ. ಅವರು ಬರದೇ ಇದ್ದಿದ್ದರೆ! ಸಿರುಗುಪ್ಪದ ಬಸ್ಸು ಆವತ್ತು ಕೆಟ್ಟಿದ್ದರೆ. ಇಲ್ಲ, ಅವರು ಬರದಿದ್ದರೂ ಮಾತು ಮಾತೇ. ಕದ್ದವನು, ಮನೆಯವರು ಮಲಗಿದ್ದರು ಅಂದರೆ ಕದ್ದದ್ದು ಹೋಯಿತೇ?

ಶಾಲೆಯ ಸಭಾಂಗಣ, ಮೇಜಿನ ಮೇಲೆ ಪಟ, ಪಟಕ್ಕೆ ಮಲ್ಲಿಗೆ. ಮೊಳಕಾಲ್ಮೂರಿನ ಸೀರೆ ಉಟ್ಟುಕೊಂಡು ಹೋಗಿದ್ದಳು. ಅದನ್ನು ನೆನೆದರೆ ಈಗ ಎಲ್ಲಕ್ಕಿಂತ ಹೆಚ್ಚು ನಾಚಿಕೆಯಾಗುತ್ತದೆ, ಸೀರೆಯದು ಏನೂ ತಪ್ಪಿಲ್ಲದಿದ್ದರೂ. ಬಾಯಿಪಾಠ ಮಾಡಿದ್ದನ್ನು ಹೇಳಲು ಶುರುಮಾಡಿದಳು. ಕಾಗದ ಎಂಥದು, ಅರಳೆಯನ್ನು ಕಡ್ಡಿಗೆ ಸುತ್ತಿ ಬಣ್ಣ ಒರೆಸುವುದು ಹೇಗೆ, ಮೊದಲು ಕೆನ್ನೆ, ಆಮೇಲೆ ತುಟಿ, ವಿಭೂತಿಯನ್ನು ಬಿಳಿ ಹಚ್ಚಿ ತೋರಿಸುವುದಲ್ಲ, ಸುತ್ತಲಿನದನ್ನು ತುಸು ಕಪ್ಪು ಮಾಡಿ ತೋರಿಸುವುದು. ಒಳ್ಳೆಯ ಮಾತುಗಳೇ. ಆದರೆ ಎರಡನೆಯ ಸಾಲಿನಲ್ಲಿ ಒಬ್ಬಳು ಆಕಳಿಸಿದಳು. ಆಕಳಿಕೆ ಅಂಟುಜಾಡ್ಯದ ಹಾಗೆ ಸಾಲಿನುದ್ದಕ್ಕೂ ಹರಿಯಿತು. ಯಾರೋ ಪಕ್ಕದವಳ ಬಳೆ ಹಿಡಿದು, ಎಲ್ಲಿ ಕೊಂಡದ್ದೆಂದು ಕೇಳತೊಡಗಿದರು. ಚನ್ನವೀರಮ್ಮ ಕೈಗಡಿಯಾರ ನೋಡಿದಳು. ನೋಡಿ, ನೋಡಲಿಲ್ಲವೆಂಬಂತೆ ಕೈಯನ್ನು ಸೆರಗಿನೊಳಗೆ ಹಾಕಿಕೊಂಡಳು. ಆ ಸೆರಗಿನೊಳಗೆ ಹೋದ ಕೈ! ಬಾಯಿ ಬಣ್ಣದ ಸೀಸೆಗಳ ಹೆಸರು ಹೇಳುತ್ತಿರುವಾಗಲೇ ಅಕ್ಕನಾಗಮ್ಮನ ಮನಸ್ಸು ಮುಳುಗುವವರ ಹಾಗೆ ಏನು ಸಿಕ್ಕೀತು, ಯಾವುದು ಸಿಕ್ಕೀತು ಎಂದು ತಡಕಾಡಿತು. ಕೈಗೆ ಸಿಕ್ಕಿದ್ದು ಅದು.

ಅದು ಆರೇಳು ವರ್ಷದ ಹಿಂದಿನ ಒಂದು ಮಧ್ಯಾಹ್ನ. ಎರ್ರಮ್ಮನನ್ನು ಮಣ್ಣು ಮಾಡಿ ತಿಂಗಳು ತುಂಬಿರಲಿಲ್ಲ. ಬಾಣಂತಿ ಜ್ವರ. ತಾಯಿ ಕೊಟ್ರಬಸಮ್ಮ ಕಿರಿಮಗಳನ್ನು ಕರೆದುಕೊಂಡು ಕುರುಗೋಡಿನಿಂದ ಬಂದಿದ್ದಳು; ಇಬ್ಬರ ಕಣ್ಣೂ ಒಂದೇ ಅಚ್ಚು, ಊರೇ ಹೇಳುತ್ತಿತ್ತಂತೆ. ಸಾವಂತ್ರಿಗೆ ಆಗ ಹದಿನೆಂಟೋ ಹತ್ತೊಂಬತ್ತೋ. ಕಿಟಕಿಯ ಕಡೆ ಮುಖ ಮಾಡಿ ಕೂತಳು. ಕಣ್ಣು ಅಚ್ಚೇನೋ ಹೌದು, ಆದರೆ ಒಳಗೆ ಯಾರೂ ಇರಲಿಲ್ಲ. ಅತ್ತು ಅತ್ತು ಬತ್ತಿದ ಕಣ್ಣು. ಅಂಥ ಕಣ್ಣನ್ನು ಪಟಕ್ಕೆ ಹಾಕಿದರೆ ಸತ್ತವಳು ಇನ್ನೊಮ್ಮೆ ಸತ್ತಂತೆ. ಅಕ್ಕನಾಗಮ್ಮ ಅದೂ ಇದೂ ಮಾತಾಡಿಸಿದಳು, ಮಂಡಕ್ಕಿ ತರಿಸಿ ಕೊಟ್ಟಳು. ಹುಡುಗಿ ಹಿಡಿಯಷ್ಟು ಮಂಡಕ್ಕಿ ಹಿಡಿದುಕೊಂಡು ಹಾಗೆಯೇ ಕೂತಿತ್ತು. ಹೊರಗೆ ಕೊಟ್ರಬಸಮ್ಮ ಎಲೆಯಡಿಕೆ ಹಾಕಿಕೊಳ್ಳುತ್ತ ಆಗಲೇ ಹೇಳಿದ್ದಳು, ಹಿರಿಯರು ಕೂತು ಮಾತಾಡಿದ್ದಾರೆ, ಕೂಸಿನ ಸಲುವಾಗಿ ಇವಳನ್ನೇ ಮರಿಬಸಪ್ಪನಿಗೆ ಕೊಡುವುದು, ಅವನೂ ನಿನ್ನೆ ಹೂಂ ಅಂದ, ಹುಡುಗಿಗೆ ಇನ್ನೂ ಹೇಳಿಲ್ಲ, ಮನೆಗೆ ಹೋಗಿ ಹೇಳಬೇಕು ಎಂದು. ಅಕ್ಕನಾಗಮ್ಮ ಕುಂಚವನ್ನು ಬಣ್ಣಕ್ಕೆ ಅದ್ದಿ, ತುದಿಯನ್ನು ತುಟಿಯಿಂದ ಚೂಪು ಮಾಡಿಕೊಂಡು, ಕೈಯನ್ನು ಕಾಗದದ ಹತ್ತಿರ ಸಿದ್ಧವಾಗಿಟ್ಟುಕೊಂಡು (ಹೌದು, ಸಿದ್ಧವಾಗಿಟ್ಟುಕೊಂಡೇ) ಹೇಳಿದಳು: "ನಿಮ್ಮ ಮರಿಬಸಪ್ಪ ಮಾವ ಹೂಂ ಅಂದನಂತ ಬಿಡವ. ನಿನ್ನ ಅವನಿಗೇ ಕೊಡ್ತಾರಂತ."

ಆಗ ಬಂತು. ಕರಿಗುಡ್ಡೆಯ ಒಳಗಿಂದ, ಕೆಳಗಿನ ಬಾವಿಯಿಂದ ಮೇಲೆದ್ದ ಹಾಗೆ ಒಂದು ಬೆಳಕು ಬಂತು. ರೆಪ್ಪೆಯ ಹೊರ ಅಂಚುಗಳು ಎಳ್ಳಿನಷ್ಟು ಮೇಲೆದ್ದವು. ಹುಡುಗಿಗೆ ತಾನೇನು ಮಾಡುತ್ತಿದ್ದೇನೆಂದು ತಿಳಿಯುವ ಮೊದಲೇ ಕಣ್ಣು ನಕ್ಕುಬಿಟ್ಟಿತ್ತು. ಎಷ್ಟು ಹೊತ್ತು? ಗುಬ್ಬಿ ಕಿಟಕಿಯ ಮೇಲೆ ಕೂತು ಎದ್ದಷ್ಟು. ಮರುಗಳಿಗೆ ಮುಖ ಕಪ್ಪಾಗಿ, ಸೆರಗನ್ನು ಬಾಯಿಗೆ ತುರುಕಿಕೊಂಡು ಬಿಕ್ಕಿತು. ಅಕ್ಕನಾಗಮ್ಮ ಸಮಾಧಾನ ಮಾಡಲು ಏಳಲಿಲ್ಲ. ಏಳುವಂತಿರಲಿಲ್ಲ, ಬೆಳಕು ಇನ್ನೂ ಅವಳ ಕೈಯಲ್ಲಿತ್ತು, ಒಣಗುವುದರೊಳಗೆ ಇಳಿಸಬೇಕಿತ್ತು. ಹುಡುಗಿ ಅಳುತ್ತಿತ್ತು, ಆಕೆ ಬರೆಯುತ್ತಿದ್ದಳು.

ಇದನ್ನು ಆಕೆ ಸಭೆಯಲ್ಲಿ ಹೇಳಿದಳು. ಇಷ್ಟನ್ನೂ ಅಲ್ಲ, ಅಳುವನ್ನು ಬಿಟ್ಟು, ತಾನು ಏಳದೆ ಇದ್ದದ್ದನ್ನು ಬಿಟ್ಟು, ನಗುವನ್ನಷ್ಟೇ ಹೇಳಿದಳು. "ಅಕ್ಕನ ಗಂಡನ ಹೆಸರು ಎತ್ತಿದೆ ನೋಡ್ರಿ, ಕಣ್ಣಾಗ ದೀಪ ಹಚ್ಚಿದಂಗಾತು!" ಬಳೆಯ ಮಾತು ನಿಂತಿತು. ಆಕಳಿಸಿದವಳು ಮುಂದಕ್ಕೆ ಬಾಗಿದಳು. ಅಕ್ಕನಾಗಮ್ಮನಿಗೆ ತಿಳಿಯಿತು, ಎಲ್ಲಿ ನಿಲ್ಲಿಸಬೇಕು, ಎಲ್ಲಿ ದನಿ ತಗ್ಗಿಸಬೇಕು. ಯಾರೂ ಕಲಿಸದಿದ್ದರೂ ತಿಳಿಯಿತು. "ಆ ದೀಪಾನ ತಂದು ಇಲ್ಲಿ ಇಟ್ಟೆ ನೋಡ್ರಿ" ಎಂದು ಪಟದ ಕಣ್ಣಿನ ಬಿಳಿಚುಕ್ಕೆಯ ಮೇಲೆ ಬೆರಳಿಟ್ಟು ತೋರಿಸಿದಳು. ಸಭೆ ನಕ್ಕಿತು. ಕೆಟ್ಟ ನಗೆಯಲ್ಲ, ಹೆಂಗಸರು ಮದುವಣಗಿತ್ತಿಯನ್ನು ಕಾಡುವಾಗಿನ ನಗೆ. "ಅಯ್ಯ ಹುಚ್ಚಿ!" ಅಂದರು ಯಾರೋ ಅಕ್ಕರೆಯಿಂದ. "ಅಕ್ಕ ಹೋದಲ್ಲಿ ತಂಗಿಗೆ ಅಂತಃಪುರ" ಅಂದಳು ಇನ್ನೊಬ್ಬಳು. ಚಪ್ಪಾಳೆ. ಆ ಚಪ್ಪಾಳೆ ಎದೆಯಲ್ಲಿ ಬಿಸಿಹಾಲಿನಂತೆ ಇಳಿಯುತ್ತಿರುವಾಗ ಮುಂದಿನ ಸಾಲು ಕಣ್ಣಿಗೆ ಬಿತ್ತು. ಮರಿಬಸಪ್ಪ ಹೆಗಲಿನ ವಲ್ಲಿಯನ್ನು ತೊಡೆಯ ಮೇಲಿಟ್ಟು ಮಡಿಸುತ್ತಿದ್ದ, ಬಿಚ್ಚುತ್ತಿದ್ದ, ಮತ್ತೆ ಮಡಿಸುತ್ತಿದ್ದ. ಸಾವಂತ್ರಮ್ಮ ಅಕ್ಕನಾಗಮ್ಮನನ್ನು ನೋಡುತ್ತಿರಲಿಲ್ಲ. ಪಟವನ್ನು ನೋಡುತ್ತಿದ್ದಳು, ಆ ಮುಖವನ್ನು ಹಿಂದೆಂದೂ ಕಂಡಿಲ್ಲವೆಂಬಂತೆ.

ಕುರುಗೋಡಿನಲ್ಲಿ ಇಳಿದಾಗ ಬಂಡೆಗುಡ್ಡಗಳು ಆಗಲೇ ಕಾದಿದ್ದವು. ಏನು ಹೇಳಬೇಕೆಂದು ಬಸ್ಸಿನಲ್ಲೇ ಜೋಡಿಸಿಕೊಂಡಿದ್ದಳು. ಅದೆಲ್ಲ ಸಭೆಗೆಂದು ಕಟ್ಟಿ ಹೇಳಿದ ಕತೆ, ಹುಡುಗಿ ನಕ್ಕಿರಲೇ ಇಲ್ಲ ಎನ್ನುವುದು. ಬೇಕೆಂದರೆ ದೇಶನೂರಿಗೆ ಬಂದು ಅತ್ತೆ ಮಾವಂದಿರ ಮುಂದೆ, ಹಿರಿಯರ ಮುಂದೆ ಕೊರಳ ಲಿಂಗ ಮುಟ್ಟಿ ಹೇಳುತ್ತೇನೆ ಎನ್ನುವುದು. ಲಿಂಗ ಮುಟ್ಟಿ ಸುಳ್ಳು ಹೇಳುವುದೆಂದರೆ ಏನೆಂದು ಅವಳಿಗೆ ಗೊತ್ತಿತ್ತು. ಗೊತ್ತಿದ್ದೇ ನಿರ್ಧಾರ ಮಾಡಿದ್ದಳು. ನಿರ್ಧಾರ ಮಾಡಿದ ಮೇಲೆ ತುಸು ಹಗುರವೂ ಆಗಿತ್ತು, ಅಷ್ಟು ದೊಡ್ಡ ಪಾಪ ಮಾಡಿದರೆ ಆ ಸಣ್ಣದು ಮುಚ್ಚಿಹೋದೀತು ಎಂಬಂತೆ.

ಕೊಟ್ರಬಸಮ್ಮನ ಮನೆಯ ಪಡಸಾಲೆಯಲ್ಲಿ ಕೆಂಪು ಮೆಣಸಿನಕಾಯಿ ರಾಶಿ ಬಿದ್ದಿತ್ತು. ತಾಯಿ ಮಗಳು ಎದುರುಬದುರು ಕೂತು ತೊಟ್ಟು ಮುರಿಯುತ್ತಿದ್ದರು. ಹೊಸಿಲು ದಾಟುತ್ತಲೇ ಅಕ್ಕನಾಗಮ್ಮನಿಗೆ ಸೀನು ಬಂತು.

"ಬರ್ರಿ ಬರ್ರಿ ಫೋಟೊದಮ್ಮಾರ" ಅಂದಳು ಕೊಟ್ರಬಸಮ್ಮ, ಏಳದೆ. "ಇಲ್ಲಿ ಇನ್ನೂ ಯಾರೂ ಸತ್ತಿಲ್ರಿ. ನಾ ಸತ್ತ ದಿವಸ ಹೇಳಿಕಳಸ್ತೀವಿ."

"ಅವ್ವಾ" ಅಂದಳು ಸಾವಂತ್ರಮ್ಮ. ಎದ್ದು ಚಾಪೆ ಹಾಸಿದಳು, ಬೆಲ್ಲ ನೀರು ತಂದಿಟ್ಟಳು, ಮತ್ತೆ ತನ್ನ ಜಾಗಕ್ಕೆ ಹೋಗಿ ತೊಟ್ಟು ಮುರಿಯತೊಡಗಿದಳು. ಅವಳ ಕಣ್ಣುಗಳು ಕೆಂಪಾಗಿ ನೀರಾಡುತ್ತಿದ್ದವು. ಅಕ್ಕನಾಗಮ್ಮ ಚೊಂಬಿನ ಅಂಚಿನ ಮೇಲಿಂದ ಅಷ್ಟು ನೋಡಿ ತಲೆ ತಗ್ಗಿಸಿದಳು. ಮೆಣಸಿನಕಾಯಿಯದೋ, ಬೇರೆಯದೋ. ಇಷ್ಟು ವರ್ಷ ಕಣ್ಣು ನೋಡಿ ಬದುಕಿದವಳಿಗೆ ಅಷ್ಟೂ ತಿಳಿಯಲಿಲ್ಲ.

"ತಪ್ಪಾತು ಕೊಟ್ರಬಸಮ್ಮಾರ" ಅಂದಳು. "ನನ್ನ ನಾಲಿಗಿಗೆ ಹುಳ ಬೀಳ್ಲಿ. ಈಕಿನ್ನ ಅತ್ತಿಮನ್ಯಾಗ ಹಗುರ ಮಾಡಿಬಿಟ್ಟೆ. ನಾ ದೇಶನೂರಿಗೆ ಬರ್ತೀನಿ. ಲಿಂಗ ಮುಟ್ಟಿ ಹೇಳ್ತೀನಿ, ನಾ ಆಡಿದ್ದೆಲ್ಲಾ ಸುಳ್ಳು ಅಂತ."

ಕೊಟ್ರಬಸಮ್ಮನ ಕೈ ನಿಂತಿತು. ಒಂದು ಗಳಿಗೆ ಮುಖ ನೋಡಿ, ಆಮೇಲೆ ಹೊಟ್ಟೆ ಕುಲುಕಿಸಿ ನಕ್ಕಳು. "ಯವ್ವಾ, ಯಾರ್ ಹೇಳಿದ್ರು ನಿಮಗ ಅವ್ರು ಹೊರಗ ಹಾಕ್ಯಾರಂತ? ನಮ್ಮಳಿಯ ಎರಡ ಸಲ ಗಾಡಿ ಕಟಿಗೊಂಡ್ ಬಂದು ಕೈಮುಗದು ಹೋದ. ಅವ್ರತ್ತಿ ಅಂತೂ, ನಕ್ಕಿದ್ರ ನಕ್ಕಾಳ ಬಿಡ್ರಿ, ಮನಸ್ಸಿದ್ದು ಮದಿವಿ ಮಾಡಿಕೆಂಡಿದ್ದಕ್ಕ ಕೂಸು ಚೊಲೊ ಬೆಳೀತು ಅಂದ್ಲಂತ. ಹೋಗಲ್ಲ ಅಂಬಾಕಿ ಇಕಿನ. ಕೇಳಿದ್ರ ಬಾಯಿ ಬಿಡಂಗಿಲ್ಲ. ಕೂಸು ಅಲ್ಲಿ ಚಿಗವ್ವಾ ಚಿಗವ್ವಾ ಅಂತ ಅಳತೈತಿ, ಇಕಿ ಇಲ್ಲಿ ಮೆಣಸಿನಕಾಯಿ ಮುರ್ಕಂತ ಕುಂತಾಳ. ನೀವ ಕೇಳ್ರಿ. ಕಣ್ಣಾಗಿಂದು ಓದಾಕಿ ಅಲ್ಲೇನು ನೀವು?"

ಅಂದು, ಮಾಳಿಗೆಯ ಮೇಲೆ ಹರವಿದ್ದ ಮೆಣಸಿನಕಾಯಿ ತಿರುವಿ ಬರುತ್ತೇನೆಂದು ಕೊಟ್ರಬಸಮ್ಮ ಏಣಿ ಹತ್ತಿ ಹೋದಳು. ಮೇಲೆ ಅವಳ ಹೆಜ್ಜೆ ಧಪ್ ಧಪ್ ಎಂದು ಕೇಳಿಸಿತು. ಅಕ್ಕನಾಗಮ್ಮನಿಗೆ ತಾನು ಕಟ್ಟಿಕೊಂಡು ಬಂದ ಗಂಟು ಮಡಿಲಲ್ಲೇ ಬಿಚ್ಚಿಹೋದಂತಾಯಿತು. ದೊಡ್ಡ ಪಾಪ ಯಾರಿಗೂ ಬೇಕಾಗಿರಲಿಲ್ಲ. ಅದನ್ನು ಹೊತ್ತುಕೊಂಡು ಬಂದದ್ದರಲ್ಲೂ ಒಂದು ಜಂಬವಿತ್ತೆಂದು ಹೊಳೆದು ಕಿವಿಗಳು ಮತ್ತೆ ಬಿಸಿಯಾದವು. ಇಲ್ಲೂ ನಿಂತು ಹೇಳಲಿಕ್ಕೇ ಬಂದಿದ್ದೆನೇ?

"ಅಮ್ಮಾರ" ಅಂದಳು ಸಾವಂತ್ರಮ್ಮ, ಮೆಣಸಿನಕಾಯಿಯಿಂದ ದೃಷ್ಟಿ ತೆಗೆಯದೆ. "ನಾ ಒಂದು ಕೇಳ್ತೀನಿ. ಆವತ್ತು ನಾ ಖರೇನ ನಕ್ಕಿದ್ನೇನ್ರಿ?"

ಅಕ್ಕನಾಗಮ್ಮ ನೀರಿನ ಚೊಂಬನ್ನು ಕೆಳಗಿಟ್ಟಳು.

"ನನಗ ಗೊತ್ತಿದ್ದಿಲ್ಲ. ನಾ ಅತ್ತದ್ದು ಅಷ್ಟ ನೆಪ್ಪೈತಿ. ಮದಿವಿ ಆಗಿ ಆ ಮನಿಗೆ ಹೋದ್ಯಾ, ಅಕ್ಕನ ಹಾಸಿಗಿ, ಅಕ್ಕನ ಕೂಸು, ಅಕ್ಕನ ಮಡಕಿ ಕುಡಿಕಿ. ಮೊದ್ಲನೇ ದಿವಸ ಪಟದ ಮುಂದ ನಿಂತ್ರ ತಲಿ ಎತ್ತಾಕ ಆಗಲಿಲ್ಲ. ಆಮ್ಯಾಲೆ ಎತ್ತಿ ನೋಡಿದ್ಯಾ." ಅವಳ ಬೆರಳು ಒಂದು ಕಾಯಿಯನ್ನು ಹಿಡಿದು, ಮುರಿಯದೆ ಹೊರಳಿಸುತ್ತಿತ್ತು. "ಅಕ್ಕ ನಗಾಕತ್ತಿದ್ಲು. ನನ್ನ ನೋಡಿ ನಗಾಕತ್ತಿದ್ಲು, ಅಮ್ಮಾರ. ಇರ್ಲಿ ಬಿಡಲೇ ಸಾವಂತ್ರಿ, ನೀನ ಬಂದಿದ್ದು ಚೊಲೊ ಆತು ಅಂದಂಗ. ಆವತ್ತಿಂದ ದಿನಾ ಮಾತಾಡಿದೆ. ಕೂಸಿಗೆ ಹಲ್ಲು ಬಂದಿದ್ದು ಹೇಳಿದೆ. ಅವ್ರು ಸಿಟ್ಟಿಗೆದ್ರ ಹೇಳಿದೆ. ನನಗ ಅವ್ರ ಮ್ಯಾಲೆ ಮೊದ್ಲಿಂದ ಮನಸ್ಸಿತ್ತು ಅಂಬೋದೂ ಹೇಳಿದೆ, ಅಕ್ಕ ಬದುಕಿದ್ದಾಗಿಂದ ಇತ್ತು ಅಂತ. ಆಗೂ ನಕ್ಳು. ನಮ್ಮಕ್ಕ ಮಾಫ್ ಮಾಡ್ಯಾಳ ಅಂತ ತಿಳಕೊಂಡಿದ್ದೆ ಇಷ್ಟು ದಿನ." ಕಾಯಿಯನ್ನು ರಾಶಿಗೆ ಎಸೆದಳು. "ಈಗ ನೋಡಿದ್ರ ಆ ನಗಿ ನಂದ ಅಂತ. ನನಗ ನಾನ ನಕ್ಕೊಂಡು, ನನಗ ನಾನ ಮಾಫ್ ಮಾಡಿಕೊಂಡು ಕುಂತಿದ್ದೆ."

ಮೇಲಿನ ಹೆಜ್ಜೆ ಈ ಮೂಲೆಯಿಂದ ಆ ಮೂಲೆಗೆ ಹೋಯಿತು. ತಾನು ಹೆಣ್ಣುಮಗಳ ಮಾನ ತೆಗೆದೆನೆಂದು ಅಕ್ಕನಾಗಮ್ಮ ಇಷ್ಟು ದಿನ ಕೊರಗಿದ್ದಳು. ಮಾನವನ್ನು ಯಾರಾದರೂ ತಿರುಗಿ ಕೊಡಬಹುದು, ಅತ್ತೆ ಕೊಟ್ಟಿದ್ದಳು, ಗಂಡ ಗಾಡಿ ಕಟ್ಟಿಕೊಂಡು ಬಂದು ಕೊಟ್ಟಿದ್ದ. ಇದನ್ನು ಕೊಡಬೇಕಾದವಳು ಮಣ್ಣಿನಲ್ಲಿದ್ದಳು.

"ಅದು ನಿನ್ನ ಕಣ್ಣಲ್ಲ" ಅಂದಳು. ದನಿ ತನ್ನದೇ ಅನ್ನಿಸಲಿಲ್ಲ. "ಸಭಾದಾಗ ನಾ ಸುಳ್ಳು ಹೇಳಿದೆ ತಂಗಿ. ಜನ ಆಕಳಸಾಕತ್ತಿದ್ರು, ಅದಕ್ಕ ಹೇಳಿದೆ."

"ಹಂಗಾರ ಯಾರ ಕಣ್ಣು?"

"ನಿಮ್ಮಕ್ಕಂದ."

ಸಾವಂತ್ರಮ್ಮ ತಲೆಯೆತ್ತಿದಳು. "ನೀವು ನಮ್ಮಕ್ಕನ್ನ ನೋಡಿದ್ದಿಲ್ಲಲ್ಲರಿ."

ಅಕ್ಕನಾಗಮ್ಮ ಈಗ ಆ ಕಣ್ಣುಗಳನ್ನು ನೋಡಲೇಬೇಕಾಯಿತು. ಕೆಂಪು, ಊದಿದ ರೆಪ್ಪೆ, ಬಲಗಣ್ಣಿನ ಮೂಲೆಯಲ್ಲಿ ಒಡೆದ ಒಂದು ನರ. ಬಾಗಿಲಿನ ಬೆಳಕು ಗುಡ್ಡೆಯ ಎಡಕ್ಕೆ ಬಿದ್ದಿತ್ತು. ನೋಡುತ್ತಿದ್ದಂತೆಯೇ ಒಳಗಿನ ಆ ಇನ್ನೊಬ್ಬಳು, ಇದಕ್ಕೆ ಕಾಡಿಗೆಗಪ್ಪಿನಲ್ಲಿ ಒಂದು ಹನಿ ಕಂದು ಬೆರೆಸಬೇಕು ಎಂದು ಗುಣಿಸಿ ಮುಗಿಸಿದ್ದಳು. ಥೂ ಅಂದುಕೊಂಡಳು ತನಗೆ ತಾನೇ.

"ಫೋಟೊದಾಗ ನೋಡೀನಿ" ಅಂದಳು.

"ಫೋಟೊದಾಗ ಕಣ್ಣು ಮುಚ್ಚಿತ್ತು. ನಾನ ಮುಚ್ಚಿದ್ದೆ, ಈ ಕೈಲೆ." ಸಾವಂತ್ರಮ್ಮ ಮೆಣಸಿನಕಾಯಿಯ ಬೀಜ ಅಂಟಿದ ಅಂಗೈ ತೋರಿಸಿದಳು. ಅದನ್ನು ಹಾಗೆಯೇ ಚಾಚಿಕೊಂಡು ಬಹಳ ಮೆಲ್ಲಗೆ ಕೇಳಿದಳು: "ಪೂರಾ ಮುಚ್ಚಿದ್ದಿಲ್ಲೇನ್ರಿ?"

ಅಲ್ಲಿಗೆ ಬಿಡಬಹುದಿತ್ತು. ಗೊತ್ತಿಲ್ಲವ್ವ ಅನ್ನಬಹುದಿತ್ತು. ಇಷ್ಟು ನೋವು ತಿಂದ ಮೇಲೆ ಹುಡುಗಿಗೆ ನಿಜವೆಂಬುದಾದರೂ ಉಳಿಯಲಿ ಎಂದು ಸುಮ್ಮನಿರಬಹುದಿತ್ತು. ಆದರೆ ಅವಳು ಕೇಳಿದ ರೀತಿ, ಕೈ ಚಾಚಿದ ರೀತಿ.

"ಇಲ್ಲ" ಅಂದಳು ಅಕ್ಕನಾಗಮ್ಮ. "ಪೂರಾ ಮುಚ್ಚಿದ್ದಿಲ್ಲ."

"ನೀವು ಅಲ್ಲಿ ಹೇಳಿದಂಗ ಹೇಳ್ರಿ" ಅಂದಳು ಸಾವಂತ್ರಮ್ಮ. "ಹೆಂಗ ನೋಡಿದ್ರಿ, ಹೆಂಗ ಬರದ್ರಿ, ಎಲ್ಲಾ ಹಾಕಿ ಹೇಳ್ರಿ. ಸುಳ್ಳಾದ್ರೂ ಚಿಂತಿಲ್ಲ. ಸಣ್ಣದ್ ಮಾಡಿ ಹೇಳಬ್ಯಾಡ್ರಿ."

ಅಕ್ಕನಾಗಮ್ಮ ಶುರುಮಾಡಿದಳು. ಮೊದಮೊದಲು ಎಡವಿದಳು. ದೇಶನೂರಿನಿಂದ ತಂದ ಫೋಟೊ ತೊಳೆದು ಒಣಗಲು ಹಾಕಿದ್ದು ಅಂದಳು. ಒಣಗಿದ ಮೇಲೆ ಭೂತಗನ್ನಡಿ ಹಿಡಿದು ನೋಡಿದ್ದು. ಎಡಗಣ್ಣಿನ ರೆಪ್ಪೆಯ ಕೆಳಗೆ ಕೂದಲೆಳೆಯಷ್ಟು ಸಂದಿ. ಧೂಳೇನೋ ಅಂದುಕೊಂಡು ಅರಳೆಯಿಂದ ಒರೆಸಿದ್ದು. "ಧೂಳಲ್ಲವ್ವ. ಒರಸಿದಷ್ಟೂ ಹೊಳೀತು." ಕಾಯಿ ಮುರಿಯುವ ಸಪ್ಪಳ ನಿಂತಿತು. "ಆ ಸಂದ್ಯಾಗ ನಿಮ್ಮಕ್ಕ ಇನ್ನೂ ಇದ್ಲು. ಹೋಗಿದ್ಲು, ಪೂರಾ ಹೋಗಿದ್ದಿಲ್ಲ. ಬಾಗಲದಾಗ ನಿಂತು ಹೊಳ್ಳಿ ನೋಡ್ತಾರಲ್ಲ, ಹಂಗ." ಈಗ ಮಾತುಗಳು ತಾವಾಗಿ ಬರುತ್ತಿದ್ದವು, ಒಂದರ ಬೆನ್ನಿಗೆ ಒಂದು. ಆ ಹೊಳಪನ್ನು ಯಾವ ಕುಂಚದಿಂದ ಹಿಡಿದೆ, ಮೊದಲ ಸಲ ಹೇಗೆ ಕೆಟ್ಟಿತು, ಬ್ಲೇಡಿನಿಂದ ಕೆರೆದು ಮತ್ತೆ ಹೇಗೆ ಬರೆದೆ. "ನೀ ಬಂದು ಕುಂತಾಗ ಅರ್ಧಾ ಆಗಿಹೋಗಿತ್ತು. ನಿನ್ನಿಂದ ಗುಡ್ಡಿ ಅಳತಿ ತಗೊಂಡೆ, ಅಷ್ಟ. ನಗಿ ಮೊದ್ಲ ಬಂದಿತ್ತು."

ಸಾವಂತ್ರಮ್ಮನ ಮುಖದಲ್ಲಿ ಏನಾಗುತ್ತಿದೆಯೆಂದು ಅಕ್ಕನಾಗಮ್ಮ ನೋಡಲಿಲ್ಲ. ನೋಡಲು ಧೈರ್ಯವಾಗಲಿಲ್ಲ, ಯಾಕೆಂದರೆ ತನ್ನ ಬಲಗೈ ಯಾವಾಗಲೋ ಮೇಲೆದ್ದು, ಇಲ್ಲದ ಪಟದ ಕಡೆ ಬೆರಳು ಮಾಡುತ್ತಿತ್ತು. ದನಿ ತಗ್ಗಬೇಕಾದಲ್ಲಿ ತಗ್ಗಿತ್ತು, ನಿಲ್ಲಬೇಕಾದಲ್ಲಿ ನಿಂತಿತ್ತು. ಎದೆಯಲ್ಲಿ ಬಿಸಿಹಾಲು ಇಳಿಯುತ್ತಿತ್ತು. ದೇವರೇ, ಇಲ್ಲೂ.

ಮಾತು ತಟ್ಟನೆ ನಿಂತಿತು. ಮಾಳಿಗೆಯ ಮೇಲೂ ಸಪ್ಪಳವಿರಲಿಲ್ಲ.

"ಆಮ್ಯಾಲೆ?" ಅಂದಳು ಸಾವಂತ್ರಮ್ಮ.

ಅಕ್ಕನಾಗಮ್ಮ ಕಣ್ಣು ಮುಚ್ಚಿಕೊಂಡು ಹೇಳಿದಳು. ತನ್ನಲ್ಲಿದ್ದದ್ದೆಲ್ಲ ಮುಗಿಯುವವರೆಗೆ, ಇನ್ನಷ್ಟು ಚಂದ ಮಾಡಿ ಹೇಳಿದಳು.